ಮೆಲುಕು ಹಾಕುವ ಹೊತ್ತು

ಕಳೆದ ಬೇಸಿಗೆಯಲ್ಲಿ ಮೊಳಕಾಲ್ಮೂರು ಸೀಮೆಯ ಹಟ್ಟಿಯೊಂದರಲ್ಲಿ ದೇವರ ಎತ್ತುಗಳನ್ನು ನೋಡುತ್ತ ನಿಂತಿದ್ದೆ. ಮ್ಯಾಸಬೇಡರ ಹಟ್ಟಿಗಳಲ್ಲಿ ಈ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ಕಿಲಾರಿಗಳು ಅವನ್ನು ಮೇಯಿಸಿ ಕಾಯುತ್ತಾರೆ. ನಡುಮಧ್ಯಾಹ್ನ, ಎಲ್ಲವೂ ಮರದಡಿ ಮಲಗಿದ್ದವು. "ಪಾಪ, ನಿದ್ದೆ ಮಾಡ್ತಿವೆ" ಎಂದೆ. ಕಿಲಾರಿ ನಕ್ಕರು: "ನಿದ್ದೆ ಎಲ್ಲೈತಪ್ಪ? ಮೆಲುಕು ಹಾಕ್ತಾವೆ. ಈಗ ಎಬ್ಬಿಸಿ ಹೊಡಕಂಡು ಹೋದ್ರೆ ಮೇದದ್ದು ಮೈಗೆ ಹತ್ತಲ್ಲ."

ಆ ಮಾತು ನನ್ನನ್ನು ಕುಟುಕಿತು. ಕಾರಣ ನನ್ನ ಕಸುಬು. ನಾನು ಡ್ರೈವರ್ ಬರೆಯುವವನು. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೂ ಕ್ಯಾಮೆರಾ, ಕೀಬೋರ್ಡ್, ಸಂವೇದಕಗಳಂಥ ಒಂದೊಂದು ಸಾಧನಕ್ಕೂ ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶವೇ ಡ್ರೈವರ್. ಬ್ಯಾಟರಿ ಉಳಿಯಬೇಕಾದರೆ ಕೆಲಸವಿಲ್ಲದ ಸಾಧನವನ್ನು ಮಲಗಿಸಬೇಕು. ಒಮ್ಮೆ ಒಂದು ಸಂವೇದಕಕ್ಕೆ ನಾನು ಹೀಗೆ ಬರೆದಿದ್ದೆ: ಎರಡು ಸೆಕೆಂಡು ಯಾರೂ ಏನೂ ಕೇಳದಿದ್ದರೆ ವಿದ್ಯುತ್ ನಿಲ್ಲಿಸು. ಆದರೆ ಅದು ಒಳಗೊಳಗೇ ಅಳತೆಗಳನ್ನು ಕೂಡಿಡುತ್ತಿತ್ತು. ವಿದ್ಯುತ್ ನಿಂತೊಡನೆ ಕೂಡಿಟ್ಟದ್ದೆಲ್ಲ ಅಳಿಸಿಹೋಯಿತು. ಮೆಲುಕು ಹಾಕುತ್ತಿದ್ದುದನ್ನು ನಾನು ಸುಮ್ಮನಿದೆ ಎಂದುಕೊಂಡಿದ್ದೆ.

ಒಂದು ವಸ್ತು ಸುಮ್ಮನಿದೆ ಎಂದು ತೀರ್ಮಾನಿಸುವ ಹಕ್ಕು ಯಾರದು? ಲಿನಕ್ಸ್ ಕರ್ನಲ್‌ನಲ್ಲಿ, ಇಡೀ ಯಂತ್ರ ಎಚ್ಚರವಿರುವಾಗಲೇ ಒಂದೊಂದೇ ಸಾಧನವನ್ನು ಮಲಗಿಸುವ ಸಾಮಾನ್ಯ ಚೌಕಟ್ಟು ಬಂದದ್ದು 2009ರಲ್ಲಿ. ಅದರ ಒಳಗಿನ ನೀತಿ ನನಗೆ ಇಷ್ಟ. ಸಾಧನವನ್ನು ಬಳಸುವ ಪ್ರತಿಯೊಬ್ಬರೂ ಒಂದು ಎಣಿಕೆ ಏರಿಸುತ್ತಾರೆ, ಕೆಲಸ ಮುಗಿದಾಗ ಇಳಿಸುತ್ತಾರೆ. ಎಣಿಕೆ ಸೊನ್ನೆಯಾಗುವವರೆಗೆ ಮಲಗಿಸುವಂತಿಲ್ಲ. ಸೊನ್ನೆಯಾದ ಮೇಲೂ ಕರ್ನಲ್ ಡ್ರೈವರನ್ನು ಕರೆಯುತ್ತದೆ. "ಈಗ ಆಗದು, ಕೆಲಸವಿದೆ" ಎಂದು ಡ್ರೈವರ್ ಹೇಳಿದರೆ ಕರ್ನಲ್ ಹಿಂದೆ ಸರಿಯುತ್ತದೆ. ಕರ್ನಲ್‌ಗೆ ಇಡೀ ಯಂತ್ರ ಗೊತ್ತು, ಆದರೆ ಈ ಸಾಧನದ ಗುಣ, ಹಟ, ಊನ ಗೊತ್ತಿರುವುದು ಡ್ರೈವರಿಗೆ ಮಾತ್ರ. ಕಿಲಾರಿಗೆ ಗೊತ್ತಿದ್ದ ಹಾಗೆ.

ಮಲಗಿಸುವವನಿಗೆ ಇನ್ನೂ ಎರಡು ಹೊಣೆಗಳಿವೆ. ಸಾಧನ ಇದ್ದ ಸ್ಥಿತಿಯನ್ನು ಬರೆದಿಟ್ಟುಕೊಂಡು ಎದ್ದಾಗ ಹಾಗೇ ಒಪ್ಪಿಸಬೇಕು. ಎಚ್ಚರಿಸುವ ಕರೆ ಕೇಳಲು ಒಂದು ಕಿವಿಯನ್ನು ತೆರೆದಿಡಬೇಕು. 2023ರ ಸೆಪ್ಟೆಂಬರ್ 2ರಂದು ಚಂದ್ರನ ಮೇಲೆ ಪ್ರಜ್ಞಾನ್ ರೋವರನ್ನೂ 4ರಂದು ವಿಕ್ರಮ್ ಲ್ಯಾಂಡರನ್ನೂ ಮಲಗಿಸಿದಾಗ ಇಸ್ರೋ ಅವುಗಳ ರಿಸೀವರುಗಳನ್ನು ಚಾಲೂ ಇಟ್ಟಿತ್ತು. ಆ ದೀರ್ಘ ಚಳಿಯ ರಾತ್ರಿ ಕಳೆದ ಮೇಲೆ ಕರೆದರೂ ಅವು ಏಳಲಿಲ್ಲ. ಆದರೂ ಅದನ್ನು ಯಾರೂ ಮೋಸ ಎನ್ನಲಿಲ್ಲ. ಏಳುವ ದಾರಿಯನ್ನು ಮುಚ್ಚದೆ ಮಲಗಿಸಿದ್ದರು.

ಚಂದ್ರಯಾನಕ್ಕೂ ನಮ್ಮ ಸೀಮೆಗೂ ನಂಟಿದೆ. ಚಂದ್ರಯಾನ-2ರ ಲ್ಯಾಂಡರಿನ ಸಂವೇದಕಗಳ ಪರೀಕ್ಷೆಗೆಂದು ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿದ್ದರು. ಆ ನೆಲ ಅಮೃತಮಹಲ್ ಕಾವಲು, ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಾದ ಹುಲ್ಲುಗಾವಲು. ಹಿಂದೆ ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆಬೇರೆ ಕಾವಲುಗಳಿದ್ದವು. ಒಂದು ಮೇಯುವಾಗ ಇನ್ನೊಂದು ಸುಧಾರಿಸಿಕೊಳ್ಳುತ್ತಿತ್ತು. ಹುಲ್ಲು ಒಣಗಿದ ತಿಂಗಳಲ್ಲಿ ಬಂದು ನೋಡಿದವರಿಗೆ ಅದು ಖಾಲಿ ಬಯಲು. ಇಂಥ ಸುಮಾರು 10,000 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ ಮುಂತಾದವಕ್ಕೆ ಹಂಚಿಕೆಯಾಯಿತು. ಕುರಿ ದನ ಮೇಯಿಸುತ್ತಿದ್ದ ಹಳ್ಳಿಗರು ಪ್ರತಿಭಟಿಸಿದರು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಬಳಸುವವರು ಇದ್ದರು, ಆದರೆ ಅವರ ಎಣಿಕೆ ನಡೆದಿರಲಿಲ್ಲ.

ವಿಜ್ಞಾನ ಬೇಡವೆನ್ನಲು ನನಗೆ ಬಾಯಿಲ್ಲ. ನನ್ನ ಅನ್ನವೂ ಅಲ್ಲಿಂದಲೇ ಬರುತ್ತದೆ. ಎಣಿಕೆಗೂ ಒಂದು ದೋಷವಿದೆ ಎಂಬುದೂ ಗೊತ್ತು. ಏರಿಸಿದವನು ಇಳಿಸುವುದನ್ನು ಮರೆತರೆ ಸಾಧನ ಮಲಗುವುದೇ ಇಲ್ಲ, ಬ್ಯಾಟರಿ ಬರಿದಾಗುತ್ತದೆ. ಯಾರೋ ಒಮ್ಮೆ ಬಳಸಿದ್ದರು ಎಂಬ ಕಾರಣಕ್ಕೆ ಎಲ್ಲವನ್ನೂ ಎಂದೆಂದಿಗೂ ಹಾಗೇ ಇಡಲಾಗದು. ಆದರೆ ಕೈ ಬಿಡಬೇಕಾದವನು ಬಳಸುವವನೇ. ಅವನ ಪರವಾಗಿ ದೂರದ ಮೇಜಿನಲ್ಲಿ ಕೂತು ಸೊನ್ನೆ ಬರೆಯುವುದು ಲೆಕ್ಕವಲ್ಲ.

ಊರಿಂದ ಬಂದ ಮೇಲೆ ಆ ಹಳೆಯ ಡ್ರೈವರನ್ನು ತೆಗೆದು ತಿದ್ದಿದೆ. ಈಗ ಅದು ಸಂವೇದಕವನ್ನು ಮೊದಲು ಕೇಳುತ್ತದೆ: ಒಳಗೆ ಏನಾದರೂ ಉಳಿದಿದೆಯೇ? ಇದೆ ಎಂದರೆ ಕಾಯುತ್ತದೆ. ಸ್ವಲ್ಪ ಬ್ಯಾಟರಿ ಹೆಚ್ಚು ಖರ್ಚಾಗುತ್ತದೆ, ನಿಜ. ಆ ಖರ್ಚನ್ನು ಯಾಕೆ ಒಪ್ಪಿಕೊಂಡೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದಾಗ ಎತ್ತುಗಳ ಕತೆ ಹೇಳಿದೆ.