ಶೋಕಸ್ಥಾನದಲ್ಲಿ ದೇವಮಂದಿರ

ಅಪಾರ ಪ್ರಾಣಹಾನಿಯಾದ ಸ್ಥಳದ ಸಮೀಪದಲ್ಲಿ ಪ್ರಾರ್ಥನಾಮಂದಿರವಿರುವುದು ಉಚಿತವೇ? ಶ್ರೀಹರಿಯು ಸರ್ವವ್ಯಾಪ್ತನೆಂದು ನಂಬಿದ ನಮಗೆ ಇದು ಪ್ರಶ್ನೆಯೇ ಅಲ್ಲವೆಂದು ತೋರಬಹುದು. ಕಂಬದಲ್ಲಿರುವವನು ಶ್ಮಶಾನದಲ್ಲಿಲ್ಲವೇ? ಆದರೆ ಪೋಲೆಂಡ್ ದೇಶದಲ್ಲಿ ನಡೆದ ಒಂದು ಪ್ರಸಂಗವನ್ನು ವಿಚಾರಿಸಿದರೆ ಈ ಸಮಾಧಾನ ಸಾಲದೆಂದು ತಿಳಿಯುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಆಶ್ವಿಟ್ಜ್ ಶಿಬಿರಗಳಲ್ಲಿ ನಾಜಿಗಳ ಕೈಯಲ್ಲಿ ಸುಮಾರು 11 ಲಕ್ಷ ಜನ ಹತರಾದರು. ಅವರಲ್ಲಿ ಸುಮಾರು 10 ಲಕ್ಷ ಮಂದಿ ಯೆಹೂದ್ಯರು. ಪೋಲೆಂಡಿನ ಕ್ರೈಸ್ತರೂ ಸಹಸ್ರಾರು ಮಂದಿ ಇದ್ದರು. 1984ರಲ್ಲಿ ಕಾರ್ಮೆಲ್ ಪಂಥದ ಕೆಲವು ಕ್ರೈಸ್ತ ಸಂನ್ಯಾಸಿನಿಯರು ಶಿಬಿರದ ಆವರಣಕ್ಕೆ ಹೊಂದಿಕೊಂಡಿದ್ದ, ಹಿಂದೆ ವಿಷಾನಿಲದ ಡಬ್ಬಿಗಳನ್ನು ಇರಿಸುತ್ತಿದ್ದ ಕಟ್ಟಡದಲ್ಲಿ ನೆಲೆಸಿ ಪ್ರಾರ್ಥನೆಯಲ್ಲಿ ತೊಡಗಿದರು. ಅವರ ಉದ್ದೇಶ ನಿರ್ಮಲವಾಗಿತ್ತು. ಆದರೂ ಯೆಹೂದ್ಯರು ನೊಂದರು. ಯೆಹೂದ್ಯರೆಂಬ ಒಂದೇ ಕಾರಣಕ್ಕಾಗಿ ತಮ್ಮವರು ಹತರಾದ ನೆಲದಲ್ಲಿ ಅನ್ಯಮತದ ಚಿಹ್ನೆ ನಿಂತರೆ ಆ ಮರಣದ ನೆನಪೇ ಮರೆಯಾದೀತೆಂಬುದು ಅವರ ಅಳಲು. ಎರಡು ವರ್ಷಗಳೊಳಗೆ ಸ್ಥಳಾಂತರವಾಗಬೇಕೆಂದು 1987ರಲ್ಲಿ ಜಿನೀವಾದಲ್ಲಿ ಒಪ್ಪಂದವಾಯಿತು. ಅವಧಿ ಮೀರಿತು; ಕಹಿ ಹೆಚ್ಚಿತು. ಕೊನೆಗೆ 1993ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಪತ್ರ ಬರೆದ ಮೇಲೆ ಸಂನ್ಯಾಸಿನಿಯರು ಆ ಕಟ್ಟಡವನ್ನು ತೆರವು ಮಾಡಿದರು. ಅವರಿಗಾಗಿ ಕಟ್ಟಿದ ಹೊಸ ಮಠವೂ ಬಹುದೂರದಲ್ಲೇನಿಲ್ಲ. ಬಿಟ್ಟುಕೊಟ್ಟದ್ದು ಸ್ಥಳವನ್ನೇ ಹೊರತು ಪ್ರಾರ್ಥನೆಯನ್ನಲ್ಲ.

ಜೀವರು ಪರಸ್ಪರ ಭಿನ್ನರೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಒಬ್ಬನ ಸುಖದುಃಖಾನುಭವ ಇನ್ನೊಬ್ಬನದಾಗದು. ಹೀಗಿರುವಾಗ ಪರರ ಶೋಕವನ್ನು ನಮ್ಮದೇ ಎಂದು ಭಾವಿಸಿ, ಅದಕ್ಕೆ ನಮ್ಮ ರೀತಿಯ ಸಾಂತ್ವನವನ್ನು ಹೊದಿಸಲು ನಮಗೆ ಅಧಿಕಾರವೆಲ್ಲಿಯದು? ನೊಂದವನ ಹೃದಯದಲ್ಲಿಯೂ ಬಿಂಬರೂಪಿಯಾದ ಭಗವಂತನಿದ್ದಾನೆ. ಆ ಹೃದಯವನ್ನು ನೋಯಿಸಿ ಮಾಡಿದ ಆರಾಧನೆ ಅವನಿಗೆ ಪ್ರಿಯವಾದೀತೇ? ಸೂತಕದ ಮನೆಯಲ್ಲಿ ನಾವು ಮಂಗಳವಾದ್ಯ ನುಡಿಸುವುದಿಲ್ಲ; ಹರಿಸ್ಮರಣೆಗೆ ಮಾತ್ರ ಅಲ್ಲಿ ತಡೆಯಿಲ್ಲ.

ಹಾಗೆಂದು ಇಂತಹ ಮಂದಿರಗಳಿಗೆ ಬರುವ ಆಕ್ಷೇಪಗಳೆಲ್ಲವೂ ಧರ್ಮಸಮ್ಮತವಲ್ಲ. ನ್ಯೂಯಾರ್ಕ್ ನಗರದಲ್ಲಿ 2001ರ ಸೆಪ್ಟೆಂಬರ್ 11ರಂದು ಉರುಳಿದ ಅವಳಿ ಗೋಪುರಗಳ ಸ್ಥಳದಿಂದ ಎರಡು ಬೀದಿಗಳಾಚೆ ಪ್ರಾರ್ಥನಾಸ್ಥಳವುಳ್ಳ ಇಸ್ಲಾಮೀ ಕೇಂದ್ರವೊಂದನ್ನು ಕಟ್ಟುವ ಯೋಜನೆಗೆ 2010ರಲ್ಲಿ ತೀವ್ರ ವಿರೋಧ ಬಂದಿತು. ಮೃತರ ಬಂಧುಗಳಲ್ಲಿಯೇ ಒಮ್ಮತವಿರಲಿಲ್ಲ. ಅವರಲ್ಲಿ ಕೆಲವರ ನೋವು ನಿಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಆದರೆ ಹಂತಕರ ಮತಕ್ಕೆ ಸೇರಿದವರೆಲ್ಲರೂ ಅಪರಾಧಿಗಳೆಂಬ ಮಾತೂ ಆಗ ಕೇಳಿಬಂದಿತು. ಹತರಾದವರಲ್ಲಿ ಮುಸಲ್ಮಾನರೂ ಇದ್ದರೆಂಬುದನ್ನು ಹಾಗೆ ನುಡಿದವರು ಮರೆತರು. ಜೀವರು ಭಿನ್ನರಾದಂತೆ ಅವರವರ ಕರ್ಮವೂ ಭಿನ್ನ. ಒಬ್ಬನ ಪಾಪವನ್ನು ಮತ್ತೊಬ್ಬನ ತಲೆಗೆ ಕಟ್ಟಲಾಗದು.

ಆದುದರಿಂದ ಒಂದೇ ತತ್ತ್ವ ಎರಡು ಕರ್ತವ್ಯಗಳನ್ನು ವಿಧಿಸುತ್ತದೆ. ಮಂದಿರ ಕಟ್ಟುವವನು ಪರರ ಶೋಕವನ್ನು ತನ್ನದಾಗಿಸಿಕೊಳ್ಳಬಾರದು. ಆಕ್ಷೇಪಿಸುವವನು ಒಬ್ಬನ ದೋಷವನ್ನು ಮತ್ತೊಬ್ಬನ ಮೇಲೆ ಹೊರಿಸಬಾರದು. ಸ್ಥಳ ಎಷ್ಟು ಹತ್ತಿರ, ಎಷ್ಟು ದೂರವೆಂಬ ಲೆಕ್ಕ ಆಮೇಲಿನದು.

ಜನ್ಮಭೂಮಿಯಿಂದ ದೂರವಿದ್ದು, ಅನ್ಯಭಾಷಿಕರ ನಡುವೆ ಮಠಮಂದಿರಗಳನ್ನು ಕಟ್ಟಿಕೊಳ್ಳುತ್ತಿರುವ ನಾವೂ ಇದನ್ನು ಮನನ ಮಾಡಬೇಕು. ಶಿಲಾನ್ಯಾಸಕ್ಕೆ ಮುಹೂರ್ತ ನೋಡುವ ಮುನ್ನ ಆ ನೆಲದಲ್ಲಿ ಯಾರ ಕಣ್ಣೀರು ಬಿದ್ದಿದೆಯೆಂದು ವಿಚಾರಿಸುವುದೂ ಭಗವದಾರಾಧನೆಯ ಅಂಗವೇ.

ಶ್ರೀಕೃಷ್ಣಾರ್ಪಣಮಸ್ತು