ಹಾಡು ಯಾರದ್ದು?

ಸಂಗೀತ ಸಂಯೋಜಕ ಶುಬರ್ಟ್ 1814ರಲ್ಲಿ ರಚಿಸಿದ ‘ರಾಟೆಯ ಮುಂದೆ ಗ್ರೆಚೆನ್’ ಹಾಡಿನಲ್ಲಿ ರಾಟೆ ತಿರುಗಿಸುವುದು ಪಿಯಾನೋ. ಪ್ರಿಯಕರನ ಮುತ್ತು ನೆನಪಾದೊಡನೆ ಅದು ನಿಂತೇಬಿಡುತ್ತದೆ. ಆಮೇಲೆ ತಡವರಿಸುತ್ತ ಮತ್ತೆ ಸುತ್ತತೊಡಗುತ್ತದೆ. ಹಾಗಾದರೆ ಆ ವಿರಹದ ಕರ್ತೃ ಯಾರು, ಹಾಡುವವಳೋ ನುಡಿಸುವವನೋ?

ಜರ್ಮನ್ ಸೊಪ್ರಾನೊ ಎಲಿಸಬೆತ್ ಶ್ವಾರ್ಜ್‌ಕಾಫ್ ಅವರಿಗೆ ಪಿಯಾನೋ ಸಾಥ್ ನೀಡುತ್ತಿದ್ದ ಇಂಗ್ಲೆಂಡಿನ ಜೆರಾಲ್ಡ್ ಮೂರ್ 1962ರ ಆತ್ಮಕಥೆಗೆ ‘ನನ್ನ ಸದ್ದು ಜಾಸ್ತಿಯಾಯಿತೇ?’ ಎಂದು ಹೆಸರಿಟ್ಟರು. ವಿನಯವೇನೋ ಸರಿ, ತುಂಟತನವೂ ಇದೆ.

ಅಹಂಕಾರ ಕಳಚುವುದೆಂದರೆ ದನಿ ತಗ್ಗಿಸುವುದೇ? ಮೂರ್ ಬದುಕು ಹಾಗೆ ಹೇಳುವುದಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ನಡೆದ ಅವರ ವಿದಾಯ ಕಛೇರಿಯಲ್ಲಿ ಶ್ವಾರ್ಜ್‌ಕಾಫ್ ಸೇರಿ ಮೂವರು ದಿಗ್ಗಜರು ಹಾಡಿದ ಮೇಲೆ, ಸಂಗೀತವನ್ನು ಸ್ತುತಿಸುವ ಶುಬರ್ಟನ ಹಾಡನ್ನು ಮೂರ್ ಗಾಯಕರಿಲ್ಲದೆ ಒಬ್ಬರೇ ನುಡಿಸಿದರು. ಕರ್ತೃತ್ವವನ್ನು ಬಿಟ್ಟುಕೊಟ್ಟವರೇ ಅದನ್ನು ಹಕ್ಕಿನಿಂದ ಕೇಳಿದಂತಿತ್ತು. ಶ್ವಾರ್ಜ್‌ಕಾಫ್ 1979ರವರೆಗೂ ಹಾಡಿದರು. ಪಿಯಾನೋದಲ್ಲಿ, ಮೂರ್ ಜಾಗದಲ್ಲಿ, ಜೆಫ್ರಿ ಪಾರ್ಸನ್ಸ್.