ಕೇತೆಯ ಗಂಡ, ಸಭೆಯ ಗುರು

ನಮ್ಮ ಸಭೆಗಳಲ್ಲಿ ಹಿರಿಯರು ತೀರಿಕೊಂಡರೆ, ಮಣ್ಣು ಮಾಡುವ ಮುಂಚೆ ಅವರ ಜೀವನಚರಿತ್ರೆ ಓದುತ್ತಾರೆ. ಹುಟ್ಟಿದ ಊರು, ಓದು, ನೌಕರಿ, ಮದುವೆ, ಮಕ್ಕಳು, ಮೊಮ್ಮಕ್ಕಳು. ಕೊನೆಗೆ ಎರಡು ಮಾತು: ಹೆಂಡತಿ ಮಕ್ಕಳನ್ನು ಪ್ರಾಣದಂತೆ ಪ್ರೀತಿಸಿದರು, ಸಭೆಗಾಗಿ ಹಗಲಿರುಳು ದುಡಿದರು. ಪಾದ್ರಿ ಅಯ್ಯನವರ ಮಗಳಾದ ನಾನು ಇಂಥವನ್ನು ಕೇಳುತ್ತಲೇ ಬೆಳೆದವಳು. ಆ ಎರಡು ಮಾತು ಜೋಡೆತ್ತಿನ ಹಾಗೆ ಯಾವಾಗಲೂ ಒಟ್ಟಿಗೇ ಯಾಕೆ ಬರುತ್ತವೆ? ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಇದಕ್ಕೆ ಆಧಾರವೇನೋ ಇದೆ. ಸ್ವಂತ ಮನೆ ನಡೆಸಲಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಅವನು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಅದನ್ನೇ ತಿರುವಿಹಾಕಿ, ಮನೆಯಲ್ಲಿ ಒಳ್ಳೆಯವನಾದವನು ಹೊರಗೂ ಒಳ್ಳೆಯವನೇ ಎಂದು ಓದಿಕೊಂಡವರು ಮಾತ್ರ ನಾವು.

ಮಾರ್ಟಿನ್ ಲೂಥರನ ಮನೆಯ ಕಥೆ ಓದಿದಾಗಲೆಲ್ಲ ನನಗೆ ಈ ತಿರುವಿನದೇ ಯೋಚನೆ. ಮದುವೆಯಾದ ಪಾದ್ರಿಗಳಲ್ಲಿ ಅವನು ಮೊದಲಿಗನಲ್ಲ. ಆದರೂ ಪ್ರೊಟೆಸ್ಟೆಂಟರ ಪಾದ್ರಿ ಮನೆಗಳಿಗೆಲ್ಲ ಮೇಲ್ಪಂಕ್ತಿಯಾದದ್ದು ಅವನ ಮನೆ. 1525ರ ಜೂನ್ 13ರಂದು, ಜರ್ಮನಿಯಲ್ಲಿ ರೈತರ ದಂಗೆಯ ರಕ್ತ ಇನ್ನೂ ಆರಿರದಾಗ, 41 ವರ್ಷದ ಈ ಮಾಜಿ ಸನ್ಯಾಸಿ 26 ವರ್ಷದ ಮಾಜಿ ಸನ್ಯಾಸಿನಿ ಕಾಥರೀನಾ ಫೋನ್ ಬೋರಾಳನ್ನು ಮದುವೆಯಾದ. ಎರಡು ವರ್ಷದ ಹಿಂದೆ ನಿಂಬ್‌ಶೆನ್ ಮಠದಿಂದ ತಪ್ಪಿಸಿಕೊಂಡು, ವ್ಯಾಪಾರಿಯೊಬ್ಬನ ಬಂಡಿಯಲ್ಲಿ ಬಂದಿದ್ದ ಸನ್ಯಾಸಿನಿಯರಲ್ಲಿ ಅವಳೂ ಒಬ್ಬಳು. ಆಪ್ತ ಮಿತ್ರ ಮೆಲಾಂಕ್ತನ್‌ಗೂ ಮದುವೆಯ ಕರೆ ಹೋಗಲಿಲ್ಲ, ಅವನು ಮುನಿಸಿಕೊಂಡ.

ಸಂಸಾರ ಹೂಡಿದ್ದು ವಿಟೆನ್‌ಬರ್ಗ್‌ನಲ್ಲಿ ಸನ್ಯಾಸಿಗಳು ಬಿಟ್ಟುಹೋಗಿದ್ದ ಮಠದಲ್ಲೇ. ಲೂಥರ್ ತನ್ನ ಪುಸ್ತಕಗಳಿಗೆ ದುಡ್ಡು ಮುಟ್ಟುತ್ತಿರಲಿಲ್ಲ. ಕೈ ಬಿಚ್ಚಿ ಕೊಡುವ ಸ್ವಭಾವ ಬೇರೆ. ಮನೆ ನಡೆದದ್ದು ಕಾಥರೀನಾಳಿಂದ, ಅವನ ಕೇತೆಯಿಂದ. ಬಿಯರ್ ಕಾಯಿಸುವುದು, ಹಂದಿ ಸಾಕುವುದು, ಮೀನಿನ ಕೊಳ, ತೋಟ, ವಿದ್ಯಾರ್ಥಿಗಳಿಗೆ ದುಡ್ಡಿನ ಊಟ ಎಲ್ಲ ಅವಳದೇ. ಪತ್ರಗಳಲ್ಲಿ ಅವನು ಅವಳನ್ನು ‘ದೊರೆ ಕೇತೆ’ ಎಂದು ಕರೆಯುತ್ತಿದ್ದ. ತಮಾಷೆ ಹೌದು, ಲೆಕ್ಕವೂ ಸರಿಯಾಗಿತ್ತು. ಮದುವೆಗೆ ಮೊದಲೇ, 1522ರಲ್ಲಿ, ಮಗುವಿನ ಹೊಲಸು ಬಟ್ಟೆ ಒಗೆಯುವ ಗಂಡನನ್ನು ನೋಡಿ ಊರು ನಕ್ಕರೂ ದೇವರು ದೇವದೂತರ ಸಮೇತ ಸಂತೋಷಪಡುತ್ತಾನೆ ಎಂಬ ಅರ್ಥದ ಮಾತು ಬರೆದಿದ್ದ. ನಮ್ಮ ಪಾದ್ರಿ ಬಂಗಲೆಯಲ್ಲಿ ಈ ಭಾಗವನ್ನು ಯಾರೂ ಓದಿರಲಿಲ್ಲ ಅಂತ ಕಾಣುತ್ತದೆ!

ಆರು ಮಕ್ಕಳು. ಎರಡನೆಯವಳು ಎಲಿಜಬೆತ್ ಹಸುಗೂಸಾಗಿದ್ದಾಗಲೇ ಹೋದಳು. 1542ರ ಸೆಪ್ಟೆಂಬರಿನಲ್ಲಿ 13 ವರ್ಷದ ಮಗ್ದಲೇನಾ ಹಾಸಿಗೆ ಹಿಡಿದಳು. ದೊಡ್ಡ ಮಗ ಹಾನ್ಸ್ ಟೋರ್ಗಾವ್‌ನಲ್ಲಿ ಓದುತ್ತಿದ್ದ. ಅಣ್ಣನನ್ನು ನೋಡಬೇಕೆಂದು ಅವಳು ಹಂಬಲಿಸಿದಾಗ, ಕಾರಣ ಹೇಳದೆ ಅವನನ್ನು ಕಳಿಸಿಕೊಡಿ ಎಂದು ಅಪ್ಪ ಪತ್ರ ಬರೆದು ಬಂಡಿ ಕಳಿಸಿದ. ಈ ತಂದೆಯ ಬಳಿ ಇರುತ್ತೀಯೋ, ಆ ತಂದೆಯ ಬಳಿ ಹೋಗುತ್ತೀಯೋ ಎಂದು ಮಗಳನ್ನು ಕೇಳಿದ. ದೇವರ ಇಷ್ಟದಂತಾಗಲಿ ಎಂಬರ್ಥದಲ್ಲಿ ಅವಳು ಉತ್ತರಿಸಿದಳು. ಹಾಸಿಗೆ ಪಕ್ಕ ಮೊಣಕಾಲೂರಿ ಅತ್ತ. 20ರಂದು ಅವಳು ಅವನ ತೋಳಿನಲ್ಲೇ ಪ್ರಾಣ ಬಿಟ್ಟಳು. ಆಮೇಲೆ ಮಿತ್ರ ಯೋನಾಸನಿಗೆ ಬರೆದ ಪತ್ರ ಅವನ ದೊಡ್ಡ ಗ್ರಂಥಗಳಿಗಿಂತ ನನಗೆ ಹೆಚ್ಚು. ಮಗಳು ಒಳ್ಳೆಯ ಕಡೆಗೆ ಹೋದಳೆಂದು ಕೃತಜ್ಞರಾಗಿರಬೇಕು, ಆದರೆ ಬಿಕ್ಕದೆ ಇರಲು ಆಗುತ್ತಿಲ್ಲ, ಕ್ರಿಸ್ತನ ಮರಣವೂ ಈ ನೋವನ್ನು ಪೂರ್ತಿ ತೆಗೆಯಲಾರದಾಗಿದೆ ಎಂಬ ಭಾವ ಅದರಲ್ಲಿದೆ. ವಿಶ್ವಾಸವೊಂದೇ ರಕ್ಷಣೆ ಎಂದು ಲೋಕಕ್ಕೆ ಸಾರಿದವನು ಇದನ್ನು ಬರೆದ. ಪಾದ್ರಿಗಳು ಸಾವಿನ ಮನೆಯಲ್ಲಿ ಇಷ್ಟು ನಿಜ ಹೇಳುವುದು ಅಪರೂಪ.

ಮೂರು ತಿಂಗಳೊಳಗೆ ಅದೇ ಕೈ ಇನ್ನೊಂದು ಪುಸ್ತಕ ಮುಗಿಸಿತು. 1543ರ ಆರಂಭದಲ್ಲಿ ಅಚ್ಚಾದ ಅದು ಯೆಹೂದ್ಯರ ಮೇಲಿನದು. ಅವರ ಪ್ರಾರ್ಥನಾಮಂದಿರಗಳನ್ನು ಸುಡಿ, ಮನೆಗಳನ್ನು ಕೆಡವಿ, ಗ್ರಂಥಗಳನ್ನು ಕಿತ್ತುಕೊಳ್ಳಿ, ರಬ್ಬಿಗಳ ಬಾಯಿ ಮುಚ್ಚಿಸಿ, ದಾರಿಯಲ್ಲಿ ಅವರಿಗಿರುವ ರಕ್ಷಣೆ ತೆಗೆಯಿರಿ, ಚಿನ್ನ ಬೆಳ್ಳಿ ವಶಪಡಿಸಿಕೊಳ್ಳಿ, ಹುಡುಗ ಹುಡುಗಿಯರ ಕೈಗೆ ಕೊಡಲಿ ಸಲಿಕೆ ಕೊಟ್ಟು ದುಡಿಸಿ ಎಂದು ಅರಸರಿಗೆ ಸಲಹೆ. ಕೆಡವಬೇಕಾದ ಆ ಮನೆಗಳಲ್ಲಿ 13 ವರ್ಷದ ಹೆಣ್ಣುಮಕ್ಕಳು ಇದ್ದೇ ಇದ್ದರು. ಅದು ಅವನಿಗೆ ಹೊಳೆಯಲಿಲ್ಲವೇ?

ಮಗಳು ಹೋದ ದುಃಖಕ್ಕೆ ಮನಸ್ಸು ಕಹಿಯಾಗಿತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1523ರಲ್ಲಿ ಯೆಹೂದ್ಯರನ್ನು ಮೃದುವಾಗಿ ಕಾಣಬೇಕೆಂದು ಬರೆದವನು, ಅವರು ತನ್ನ ಬೋಧನೆಯನ್ನು ಒಪ್ಪಲಿಲ್ಲವೆಂದು ಕಾಲ ಕಳೆದಂತೆ ಕಲ್ಲಾಗಿದ್ದ. 1537ರಲ್ಲೇ, ಸ್ಯಾಕ್ಸನಿಯಿಂದ ಅವರನ್ನು ಹೊರಗಟ್ಟಿದ ಮೇಲೆ, ಅವರ ಮುಖಂಡ ರೋಸ್‌ಹೈಮ್‌ನ ಯೋಸೆಲ್ ಸಹಾಯ ಬೇಡಿದರೂ ಲೂಥರ್ ಭೇಟಿಗೆ ಒಪ್ಪಲಿಲ್ಲ. ಆಗ ಮಗ್ದಲೇನಾ ಆರೋಗ್ಯವಾಗಿಯೇ ಇದ್ದಳು.

ಇನ್ನೊಂದು ಸಮಾಧಾನ ನನ್ನ ಅಣ್ಣನದು: ಮನೆಯ ಲೂಥರ್ ಬೇರೆ, ಪೀಠದ ಲೂಥರ್ ಬೇರೆ. ಅದನ್ನೂ ಒಂದು ಪತ್ರ ಅಳಿಸಿಹಾಕುತ್ತದೆ. 1546ರ ಫೆಬ್ರುವರಿ 1ರಂದು, ಸಾಯುವುದಕ್ಕೆ ಎರಡೂವರೆ ವಾರ ಮುಂಚೆ, ಐಸ್ಲೇಬೆನ್‌ನಿಂದ ಕೇತೆಗೆ ಬರೆದದ್ದು. ದಾರಿಯಲ್ಲಿ ತಲೆ ಸುತ್ತಿತು, ಯೆಹೂದ್ಯರಿರುವ ಹಳ್ಳಿಯ ಪಕ್ಕ ತಣ್ಣನೆ ಗಾಳಿ ಬೀಸಿತು, ನೀನಿದ್ದಿದ್ದರೆ ನೀನು ತಪ್ಪನ್ನು ಅವರ ಮೇಲೇ ಹಾಕುತ್ತಿದ್ದೆ ಎಂದು ನಗಿಸುತ್ತಾನೆ. ಬಂದ ಮುಖ್ಯ ಕೆಲಸ ಮುಗಿದ ಮೇಲೆ ಅವರನ್ನು ಹೊರಗಟ್ಟಿಸುವ ಕೆಲಸಕ್ಕೆ ಕೈ ಹಾಕಬೇಕು ಎಂಬುದೂ ಅದರಲ್ಲೇ ಇದೆ. ಹೆಂಡತಿಯ ಮೇಲಿನ ಅಕ್ಕರೆ, ನೆರೆಯವರ ಮೇಲಿನ ದ್ವೇಷ, ಎರಡಕ್ಕೂ ಒಂದೇ ಕಾಗದ. ಬೇರೆ ಬೇರೆ ಮಾಡಲು ಅವನೇ ಬಿಟ್ಟಿಲ್ಲ.

ಅಂದಮೇಲೆ ಆ ಅಕ್ಕರೆ ಸುಳ್ಳೇ? ಅಲ್ಲ. 1542ರ ಉಯಿಲಿನಲ್ಲಿ ಅವನು ಕಾನೂನಿಗೆ ವಿರುದ್ಧವಾಗಿ, ಗಂಡಸು ಪೋಷಕನಿಲ್ಲದೆ, ಎಲ್ಲವನ್ನೂ ಕೇತೆಯ ಹೆಸರಿಗೆ ಬರೆದ. ಮಕ್ಕಳಿಗೆ ತಾಯಿಗಿಂತ ಉತ್ತಮ ಪೋಷಕರಿಲ್ಲ ಎಂದು ನಂಬಿದ್ದ. ಅವನು ಸತ್ತ ಮೇಲೆ ಅಧಿಕಾರಿಗಳು ಅದಕ್ಕೆ ಅಡ್ಡ ಬಂದರು, ಯುದ್ಧ ತೋಟವನ್ನು ಹಾಳುಮಾಡಿತು, 1552ರಲ್ಲಿ ಪ್ಲೇಗಿಗೆ ಹೆದರಿ ಹೊರಟವಳು ಬಂಡಿಯ ಅಪಘಾತದಲ್ಲಿ ಪೆಟ್ಟು ತಿಂದು ಟೋರ್ಗಾವ್‌ನಲ್ಲಿ ತೀರಿಕೊಂಡಳು. ಪ್ರೀತಿ ನಿಜವಾಗಿತ್ತು. ಅದು ಹೊಸಿಲು ದಾಟಲಿಲ್ಲ, ಅಷ್ಟೇ. ಹೊಸಿಲು ದಾಟುವುದು ಪ್ರೀತಿಯ ಸ್ವಭಾವವೇ ಎಂದು ನಾವು ಉಪದೇಶಗಳಲ್ಲಿ ಕೇಳುತ್ತೇವಲ್ಲ, ಅದರ ಮೇಲೆ ನನಗೆ ನಂಬಿಕೆ ಕಡಿಮೆ. ದಾಟಿಸಬೇಕು, ದಿನಾ, ಎಳೆದು ದಾಟಿಸಬೇಕು.

ನನ್ನ ಅಪ್ಪ ನಮ್ಮನ್ನು ಹೆಗಲ ಮೇಲೆ ಹೊತ್ತು ಸಂತೆ ತೋರಿಸಿದವರು. ಜ್ವರ ಬಂದ ಸಭೆಯವರ ಮನೆಗೆ ನಡುರಾತ್ರಿ ಸೈಕಲ್ ತುಳಿದವರು. ಅಕ್ಕನಿಗೆ ಒಳ್ಳೆಯ ಸಂಬಂಧ ಬಂದಾಗ, ಹುಡುಗನೂ ನಮ್ಮಂತೆಯೇ ಕ್ರೈಸ್ತನಾಗಿದ್ದರೂ, ಅವನ ಮನೆತನ ಕ್ರೈಸ್ತವಾಗುವ ಮೊದಲು ಯಾವ ಜಾತಿ ಎಂದು ವಿಚಾರಿಸಿ ಮಾತು ನಿಲ್ಲಿಸಿದವರೂ ಅವರೇ. ಮಣ್ಣು ಮಾಡುವ ದಿನ ಓದಿದ ಚರಿತ್ರೆಯಲ್ಲಿ ಅದು ಇರಲಿಲ್ಲ.

ವಿಟೆನ್‌ಬರ್ಗ್‌ನಲ್ಲಿ ಲೂಥರ್ ಉಪದೇಶ ಮಾಡಿದ, ಅವನ ಮಕ್ಕಳಿಗೆ ದೀಕ್ಷಾಸ್ನಾನವಾದ ಊರ ದೇವಾಲಯದ ಹೊರಗೋಡೆಯಲ್ಲಿ ಯೆಹೂದ್ಯರನ್ನು ಹಂದಿಯೊಡನೆ ಕೆತ್ತಿ ಹೀಯಾಳಿಸುವ ಹಳೆಯ ಶಿಲ್ಪವಿದೆ. 1543ರ ಇನ್ನೊಂದು ಪುಸ್ತಕದಲ್ಲಿ ಅವನು ಅದನ್ನು ಮೆಚ್ಚಿ ವರ್ಣಿಸಿದ್ದಾನೆ. 1988ರಲ್ಲಿ ಅದರ ಕೆಳಗೆ ನೆಲದಲ್ಲಿ ಸ್ಮಾರಕ ಫಲಕ ಹಾಕಿದರು. ಶಿಲ್ಪವನ್ನೇ ಇಳಿಸಿ ಎಂದು ಯೆಹೂದ್ಯರೊಬ್ಬರು ದಾವೆ ಹೂಡಿದ್ದರು. ಫಲಕ ಇರುವುದರಿಂದ ಅದು ಅಲ್ಲೇ ಇರಬಹುದು ಎಂದು 2022ರಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ನಾನಾಗಿದ್ದರೆ ಇಳಿಸಿ ಮ್ಯೂಸಿಯಂನಲ್ಲಿ ಇಡಿಸುತ್ತಿದ್ದೆ, ಫಲಕವನ್ನು ಗೋಡೆಯ ಬುಡದಲ್ಲೇ ಉಳಿಸುತ್ತಿದ್ದೆ. ಅಪ್ಪನ ವಿಷಯದಲ್ಲಿ ಅಣ್ಣ ಫಲಕವೂ ಬೇಡ ಅನ್ನುತ್ತಾನೆ. ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ.